ಮೀನಿನ ತೊಟ್ಟಿಯೊಳಗೆ ಪುಡಿಗಾಳಿ

ಮನೆಯ ಮಹಡಿ ಕೋಣೆಯಿಂದ,
ಭಾನುವಾರ, ತಾರೀಖು ಹದಿನಾಲ್ಕು, ಬೆಳಗ್ಗೆ ಹತ್ತೂಕಾಲು

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಬೆನ್ನಿನ ವಿಷಯ ಹೇಳು. ಹಡಗಿನಲ್ಲಿ ವೈರಿಂಗ್ ಕೆಲಸವೆಂದರೆ ದಿನದ ಅರ್ಧ ಬಗ್ಗಿಕೊಂಡೇ ಕಳೆಯಬೇಕು ಎಂದು ಬರೆದಿದ್ದೆ. ನಾನು ಕೊಟ್ಟ ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೀಯೋ, ಪೆಟ್ಟಿಗೆಯ ತಳದಲ್ಲಿ ಮಡಿಚಿಟ್ಟಿದ್ದೀಯೋ? ಎರಡನೆಯದೇ ಇರಬೇಕು. ಊಟ ಸೇರುತ್ತಿದೆಯೇ? ಇಲ್ಲಿ ನಾವಿಬ್ಬರೂ ಕ್ಷೇಮ. ಅತ್ತಿಗೆಯ ನೆಗಡಿ ಹೋಯಿತು, ಹೋಗುವ ದಾರಿಯಲ್ಲಿ ನನ್ನ ಕೋಣೆಗೆ ಬಂದು ನಾಲ್ಕು ದಿನ ಕೂತು ಹೋಯಿತು. ಈ ಮನೆಯಲ್ಲಿ ಅವರು ನನಗೆ ಪೂರ್ತಿಯಾಗಿ ಬಿಟ್ಟುಕೊಟ್ಟ ವಸ್ತು ಅದೊಂದೇ ಎಂದರೆ ನೀನು ನಗುತ್ತೀಯ. ಅರ್ಧ ನಗು, ಉಳಿದರ್ಧ ಕಾಗದ ಮುಗಿಯುವವರೆಗೆ ಇಟ್ಟುಕೋ.

ನಿನ್ನ ಕಾಗದಗಳು ಎರಡನೇ ತಾರೀಖು ಬಂದವು. ಎರಡು ಲಕೋಟೆ. ಅತ್ತಿಗೆಗೆ ನಾಲ್ಕು ಪುಟ, ನನಗೆ ಒಂದೂವರೆ. ನಾನು ಎಣಿಸಲು ಹೋಗಲಿಲ್ಲ. ಅವರು ಕಿಟಕಿಯ ಪಕ್ಕ ನಿಂತು ಓದುವಾಗ ಹಾಳೆ ತಿರುವಿದ ಸದ್ದು ಅಡುಗೆಮನೆಗೆ ಕೇಳಿಸಿತು, ಅಷ್ಟೆ. ಎರಡು ಕಡೆ ನಕ್ಕರು. ಒಂದು ಕಡೆ ಓದುವುದನ್ನು ನಿಲ್ಲಿಸಿ, ಹಾಳೆಯನ್ನು ಎದೆಗೆ ಒತ್ತಿಕೊಂಡು ಬೀದಿ ನೋಡಿದರು. ಅಲ್ಲಿ ಏನು ಬರೆದಿದ್ದೆ ಎಂದು ನಾನು ಕೇಳುವುದಿಲ್ಲ. ಇಷ್ಟೆಲ್ಲ ಫೋನಿನಲ್ಲಿ ಮಾತಾಡಬಹುದಲ್ಲ ಎನ್ನುತ್ತೀಯೇನೋ. ನೀನು ಬಂದರಿನಿಂದ ಫೋನು ಮಾಡಿದಾಗಲೆಲ್ಲ ಮೊದಲ ಸರದಿ ಅವರದು. ನನ್ನ ಕೈಗೆ ಬರುವ ಹೊತ್ತಿಗೆ ಫೋನು ಬೆಚ್ಚಗಾಗಿರುತ್ತದೆ, ನಿನ್ನ ದನಿ ತಣ್ಣಗಾಗಿರುತ್ತದೆ. "ಎಲ್ಲಾ ಹೇಳಿದೀನಿ, ಅವಳನ್ನ ಕೇಳ್ಕೋ" ಅನ್ನುತ್ತೀಯ. ಕಾಗದದಲ್ಲಾದರೆ ನನ್ನ ಸರದಿಗೆ ಯಾರೂ ಅಡ್ಡ ಬರುವುದಿಲ್ಲ.

ನನ್ನ ಒಂದೂವರೆ ಪುಟದಲ್ಲಿ ಒಂದು ಪುಟ ಪೂರ್ತಿ ಸಾಮಾನಿನ ಪಟ್ಟಿ. ಉಳಿದ ಅರ್ಧದ ಕೊನೆಗೆ ನಾಲ್ಕು ಸಾಲು. "ಈ ಸಲ ನಾನು ಮಾಡಿಟ್ಟು ಬಂದ, ಹಡಗೆಳೆಯುವ ಟಗ್ ದೋಣಿಯ ಮಾದರಿಗೆ ಬಣ್ಣ ನೀನೇ ಹಚ್ಚು, ಅಳತೆಗೋಲು. ಹೋದ ಸಲದ್ದು ಮತ್ತೆ ಆಗಬಾರದು. ಅವಳಿಗೆ ನೋವಾಗದ ಹಾಗೆ ನೀನೇ ಹೇಳಿಬಿಡು, ನನಗೆ ಬರೆಯಲು ಕೈ ಬರಲಿಲ್ಲ." ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆ ಎಂದು ಬರೆಯಲು ನನಗೆ ನಾಚಿಕೆ. ಅನುವಾದದ ಕಾದಂಬರಿಗಳಲ್ಲಿ ದೂರದೂರಿನ ಹೆಂಗಸರು ಕಾಗದವನ್ನು ರವಿಕೆಯೊಳಗೆ ಸಿಕ್ಕಿಸಿಕೊಂಡು ಓಡಾಡುವುದನ್ನು ಓದುವಾಗ, ಇದು ಸ್ವಲ್ಪ ಅತಿಯಾಯಿತು ಎಂದುಕೊಳ್ಳುತ್ತಿದ್ದೆ. ನಾನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡೆ. ಓದುವ ನೆಪದಲ್ಲಿ ದಿನಕ್ಕೆ ಹತ್ತು ಸಲ ತೆಗೆಯಬಹುದು.

ನೀನು ಮದುವೆಯಾಗುವವರೆಗೆ ಪುಟ್ಟ ಮಾದರಿ ಮಾಡುವ ನಮ್ಮ ಕೆಲಸ ಸರಿಯಾಗಿ ಹಂಚಿಹೋಗಿತ್ತು. ನೀನು ಹಿತ್ತಾಳೆ ಕತ್ತರಿಸಿ ಬೆಸುಗೆ ಹಾಕುವುದು, ನಾನು ಬಣ್ಣ ಹಚ್ಚುವುದು. ಗಾಳಿಗಿರಣಿ, ಬಂದರಿನ ಕ್ರೇನು, ಎರಡು ಬಸ್ಸು. ಆಮೇಲೆ ಅತ್ತಿಗೆ ಬಂದರು, ಅಂಗಡಿಗಳ ಬೋರ್ಡು ಬರೆಯುವ ಕೈ, ಅಳಿಲಿನ ಕೂದಲ ಕುಂಚಗಳ ಒಂದು ಸುರುಳಿ, ಏಣಿಯ ಮೇಲೆ ನಿಂತು ಸಿಳ್ಳೆ ಹಾಕುವ ಅಭ್ಯಾಸ. ನೀನು ಅವರ ಒಂದು ಗೆರೆ ನೋಡಿ, "ಕೈ ಇಟ್ಟಲ್ಲೇ ನಿಲ್ಲತ್ತೆ ನೋಡು" ಎಂದೆ. ನನ್ನ ಕೈ ಎಲ್ಲಿ ಓಡಿಹೋಗುತ್ತಿತ್ತೋ ನನಗೆ ಗೊತ್ತಿಲ್ಲ. ಅದರ ಮುಂದಿನ ತಿಂಗಳು ನೀನು ಕಡವಿನ ದೋಣಿಯ ಮಾದರಿ ಶುರುಮಾಡಿದೆ. ನಾಲ್ಕಡಿಗೆ ಒಂದಿಂಚಿನ ಲೆಕ್ಕದಲ್ಲಿ ಒಂದಡಿ ಉದ್ದ, ಮೂರೂವರೆ ಇಂಚು ಅಗಲ. ನಿಜವಾದ ಆ ದೋಣಿಯಲ್ಲಿ ಆರು ವರ್ಷ ಹೊಳೆ ದಾಟಿ ಶಾಲೆಗೆ ಹೋದವರು ನೀನು, ನಾನು. ಕಂಬಿಯ ಹಸಿರು ಯಾವ ಹಸಿರು, ಅದರ ಕೆಳಗೆ ಹಳೆಯ ಕೆಂಪು ಎಲ್ಲೆಲ್ಲಿ ಇಣುಕುತ್ತಿತ್ತು ಎಂದು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಬಣ್ಣ ಹಚ್ಚಿದವರು ಆ ದೋಣಿಯನ್ನು ಜನ್ಮದಲ್ಲಿ ನೋಡದ ಅತ್ತಿಗೆ. ನಾನು ಬಣ್ಣದ ಡಬ್ಬಿಗಳನ್ನು ಅವರಿಗೆ ಒಪ್ಪಿಸುವಾಗ ಮುಚ್ಚಳಗಳನ್ನು ಎಷ್ಟು ಗಟ್ಟಿಯಾಗಿ ಬಿಗಿದಿದ್ದೆನೆಂದರೆ, ಅವರು ಒಂದೊಂದನ್ನೂ ನಿನ್ನ ಹತ್ತಿರ ತಂದು ತೆಗೆಸಿಕೊಳ್ಳಬೇಕಾಯಿತು. ಅದೂ ನನ್ನ ಲೆಕ್ಕಕ್ಕೆ ಉಲ್ಟಾ ಹೊಡೆಯಿತು. ಡಬ್ಬಿಗೊಂದು ಸಲ ನೀವಿಬ್ಬರೂ ನಕ್ಕಿರಿ.

ಮಾದರಿ ಸಂಘದ ಪ್ರದರ್ಶನದ ದಿನ ನಿನಗೆ ನೆನಪಿದೆ. ದೀಪದ ಕಾವಿಗೆ ದೋಣಿಯ ಎಡಮಗ್ಗುಲಿನ ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು, ಅಂಗೈಯಗಲ ಸುಲಿದು ಬಿತ್ತು. ಗಡ್ಡದ ಕಾರ್ಯದರ್ಶಿ ಎಲ್ಲರೆದುರು ಬೆರಳಲ್ಲಿ ಕೆರೆದು, "ತಳ ತೊಳೀದೇನೇ ಬಣ್ಣ ಹಚ್ಚಿದಾರೆ. ಇದು ಬೋರ್ಡ್ ಬರೆಯೋ ಕೆಲಸ ಅಲ್ಲಮ್ಮಾ" ಎಂದರು. ಅತ್ತಿಗೆ ಕೆಂಪಾಗಿ, "ಇರಬಹುದು ಸಾರ್" ಎಂದರು. ಅಷ್ಟೇ. ನೀನು ಆಮೇಲೆ ಆ ಜಾಗಕ್ಕೆ ಒಂದು ತೇಪೆ ಬಣ್ಣ ಹಚ್ಚಿ ದೋಣಿಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ಅವರು ಈ ಮೂರು ವರ್ಷದಲ್ಲಿ ಇಡೀ ಬೀದಿಯ ಬೋರ್ಡು ಬರೆದರು, ನಿನ್ನ ಒಂದು ಮಾದರಿಯನ್ನೂ ಮುಟ್ಟಲಿಲ್ಲ. ಅವತ್ತು ಬಸ್ಸಿನಲ್ಲಿ ದೋಣಿಯ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ನಾನು ಸಾವಿನ ಮನೆಗೆ ಹೋಗಿ ಬಂದವಳ ಮುಖ ಮಾಡಿಕೊಂಡಿದ್ದೆ. ಒಳಗೆ, ಅಣ್ಣಾ, ಯಾರೋ ಕಿಟಕಿ ತೆಗೆದ ಹಾಗಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದು ಯಾಕೆಂದು ನನಗೂ ಸರಿಯಾಗಿ ತಿಳಿಯದು.

ಇರಲಿ, ನೀನು ಕೇಳಿದ ವರದಿ. ಲೋಹದ ಮೈಗೆ ಗಾಳಿಯ ಜೊತೆ ಗಟ್ಟಿ ಪುಡಿಯನ್ನು ಹೊಡೆಸಿ ಕಣ್ಣಿಗೆ ಕಾಣದಷ್ಟು ತರಿ ಮಾಡುವುದು, ಬಣ್ಣ ಆ ತರಿಯನ್ನು ಹಿಡಿದುಕೊಂಡು ಕೂರುವುದು ಎಂದು ನೀನು ಆ ಅರ್ಧ ಪುಟದಲ್ಲಿ ವಿವರಿಸಿದ್ದನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. ಅತ್ತಿಗೆ ಕೇಳಿ, "ಓ, ಪುಡಿಗಾಳಿ" ಎಂದರು. ಈಗ ಮನೆಯಲ್ಲಿ ಅದರ ಹೆಸರು ಅದೇ. ನಾನು ಎರಡು ದಿನ ಹಟ ಹಿಡಿದು ಬ್ಲಾಸ್ಟಿಂಗ್ ಎಂದೆ. ಮೂರನೆಯ ದಿನ ನನ್ನ ಬಾಯಲ್ಲೂ ಪುಡಿಗಾಳಿಯೇ ಬಂತು. ಹಿಂದಿನ ಬಟ್ಟೆ ಒಗೆಯುವ ಕೋಣೆಯನ್ನು ಖಾಲಿ ಮಾಡಿದೆವು, ಅಲ್ಲಿ ಕಿಟಕಿ ದೊಡ್ಡದು, ನೆಲ ಒರೆಸಲು ಸುಲಭ. ಕಂಪ್ರೆಸರನ್ನು ಹೊರಗಿನ ಕಟ್ಟೆಯ ಮೇಲೆ ರಬ್ಬರ್ ಚಾಪೆ ಹಾಸಿ ಇಟ್ಟೆ. ಕೊಳವೆ ಕಿಟಕಿಯ ಸಂದಿನಿಂದ ಒಳಗೆ ಬರುತ್ತದೆ. ಪುಡಿ ಹೊರಗೆ ಹಾರದ ಹಾಗೆ ಕೆಲಸ ಮಾಡಲು ಒಂದು ಮುಚ್ಚಿದ ಪೆಟ್ಟಿಗೆ ಬೇಕು ಎಂದಿದ್ದೆಯಲ್ಲ, ನಾನು ಹಲಗೆಯ ಅಳತೆಗಳನ್ನು ಬರೆಯುತ್ತ ಕೂತಿದ್ದೆ. ಅತ್ತಿಗೆ ಅಟ್ಟದ ಮೆಟ್ಟಿಲಿನಿಂದ ಕೂಗಿದರು, "ಏನ್ರೀ ಅಳತೆಗೋಲು, ಈ ಮೀನಿನ ತೊಟ್ಟಿ ಆಗಲ್ವಾ?"

ಎರಡು ವಿಷಯ. ಒಂದು, ಅಳತೆಗೋಲು ಎಂದು ನನ್ನನ್ನು ಕರೆಯುವ ಹಕ್ಕು ನಿನ್ನೊಬ್ಬನದು; ಅವರಿಗೆ ಅದನ್ನು ಯಾವಾಗ ಬರೆದುಕೊಟ್ಟೆ? ಎರಡು, ಆ ತೊಟ್ಟಿ ನಮ್ಮಿಬ್ಬರದು. ನೀನು ಅದನ್ನು ತೊಳೆಯುವಾಗ ಗಾಜಿನ ಮುಚ್ಚಳ ಜಾರಿಸಿ ನನ್ನ ಬಲಗೈಯ ನಡುಬೆರಳ ಮೇಲೆ ಬೀಳಿಸಿದ್ದೆ. ಬೆರಳಿನ ತುದಿ ಇವತ್ತಿಗೂ ಪಕ್ಕದ ಬೆರಳಿನ ಕಡೆ ಸೊಟ್ಟಗೆ ವಾಲಿಕೊಂಡಿದೆ. ಹೇಳಿದರೆ ಅತ್ತಿಗೆ ನನ್ನ ಬೆರಳನ್ನು ಹಿಡಿದು ನೋಡಿ, "ಪಾಪ, ಗುಟ್ಟು ಹೇಳೋಕೆ ಹೋಗ್ತಿದೆ" ಎಂದರು. ಎಷ್ಟು ವರ್ಷದಿಂದ ಆ ಬೆರಳು ನನ್ನ ಜೊತೆಗಿದೆ, ನನಗೆ ಆ ಮಾತು ಹೊಳೆಯಲಿಲ್ಲ. ತೊಟ್ಟಿ ಮಾತ್ರ ಹೇಳಿ ಮಾಡಿಸಿದ ಹಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಅದನ್ನು ಮಗ್ಗುಲಿಗೆ ಮಲಗಿಸಿದೆವು. ತೆರೆದ ಬಾಯಿ ನಮ್ಮ ಕಡೆಗೆ, ಅದಕ್ಕೆ ಪ್ಲೈವುಡ್ ಬಾಗಿಲು, ಬಾಗಿಲಿಗೆ ಎರಡು ತೂತು, ತೂತುಗಳಿಗೆ ಮೊಣಕೈವರೆಗೆ ಬರುವ ರಬ್ಬರ್ ಕೈಗವಸು. ಮೇಲಿನ ಗಾಜಿನಿಂದ ಇಣುಕಿ ಕೆಲಸ ಮಾಡುವುದು. ಪುಡಿ ತಾಗಿ ಗಾಜು ಮಂಜಾಗುತ್ತದೆ ಎಂದು ನೀನು ಎಚ್ಚರಿಸಿದ್ದೆಯಲ್ಲ, ಅದಕ್ಕೆ ನಾನು ನಮ್ಮ ಗ್ರಂಥಾಲಯದಲ್ಲಿ ಪುಸ್ತಕಗಳ ರಟ್ಟಿಗೆ ಹೊದಿಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗಾಜಿನ ಒಳಮೈಗೆ ಅಂಟಿಸಿದೆ. ಮಂಜಾದಾಗ ಹಾಳೆ ಬದಲಿಸಿದರಾಯಿತು. ಅತ್ತಿಗೆ, "ಇದು ನಿಮ್ಮ ತಲೆಗೇ ಹೊಳೀಬೇಕು" ಎಂದು ಮೆಚ್ಚಿದರು. ಆ ಮೆಚ್ಚುಗೆ ಇಡೀ ದಿನ ನನ್ನ ಜೊತೆಗಿತ್ತು, ಅದು ನನಗೆ ಇಷ್ಟವಾಗಲಿಲ್ಲ.

ಉಳಿದದ್ದಕ್ಕೆ ಕೆಳಮನೆಯ ಹಲ್ಲಿನ ಮಾಮ. ಕಟ್ಟಿಸಿಕೊಳ್ಳುವ ಹಲ್ಲು ಮಾಡುವುದನ್ನು ಬಿಟ್ಟು ಎಂಟು ವರ್ಷವಾದರೂ ಅವರ ಸಲಕರಣೆಯೆಲ್ಲ ಹಾಗೇ ಇದೆ. ಕೃತಕ ಹಲ್ಲಿನ ಲೋಹಕ್ಕೂ ಮೊದಲು ಇದೇ ಪುಡಿ ಹೊಡೆಯುತ್ತಾರಂತೆ. ಪೆನ್ಸಿಲ್ಲಿನಷ್ಟು ದಪ್ಪದ ನಳಿಕೆ, ಗಾಳಿಯನ್ನು ಬಿಡಲು ಹಿಡಿಯಲು ಕಾಲಿನ ಪೆಡಲ್, ಅರ್ಧ ಡಬ್ಬಿ ಬಿಳಿ ಪುಡಿ, ಎಲ್ಲ ಅವರೇ ತಂದುಕೊಟ್ಟರು. ಹೊಳೆಯ ಮರಳನ್ನೇ ಸೋಸಿ ಹಾಕಬಹುದಲ್ಲ ಎಂದು ನಾನು ಕೇಳಿದ್ದಕ್ಕೆ ಬೈದರು. "ಮರಳಿನ ಧೂಳು ಎದೆಯೊಳಗೆ ಹೋದ್ರೆ ಬಾಡಿಗೆ ಕೊಡದೆ ಅಲ್ಲೇ ಇರತ್ತೆ. ಈ ಪುಡಿ ಹಾಕು, ಇದಕ್ಕೂ ಮಾಸ್ಕ್ ಹಾಕು, ವ್ಯಾಕ್ಯೂಮ್ ಓಡ್ತಾ ಇರ್ಲಿ." ತೊಟ್ಟಿಯ ಹಿಂಬದಿಗೆ ವ್ಯಾಕ್ಯೂಮ್ ಕ್ಲೀನರಿನ ಸೊಂಡಿಲು ಸಿಕ್ಕಿಸಿದ್ದೇವೆ, ಸಂದುಗಳಿಗೆ ಸ್ಪಂಜಿನ ಪಟ್ಟಿ. ಮೊದಲ ದಿನ ಪೆಡಲ್ ಒತ್ತಿದರೆ ನಳಿಕೆ ಒಂದು ಸಲ ಸೀನಿ ಸುಮ್ಮನಾಯಿತು. ಅತ್ತಿಗೆ, "ನನ್ನ ನೆಗಡಿ ಇದಕ್ಕೂ ಬಂತು" ಎಂದರು. ಗಾಳಿಯಲ್ಲಿನ ತೇವಕ್ಕೆ ಪುಡಿ ಗಂಟುಕಟ್ಟಿತ್ತು. ಪುಡಿಯನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಆರಿಸಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆ. ಆ ಬಾಣಲೆ, ಜಾಲರಿ ಎರಡನ್ನೂ ಅಡುಗೆಗೆ ಸಿಗದ ಹಾಗೆ ಅಲ್ಲೇ ಮೊಳೆಗೆ ನೇತುಹಾಕಿದ್ದೇನೆ. ನೀರು ಹಿಡಿಯುವ ಗಾಜಿನ ಬುಡ್ಡಿಯನ್ನು ಕಂಪ್ರೆಸರಿನ ಪಕ್ಕದಿಂದ ತೆಗೆದು ತೊಟ್ಟಿಯ ಪಕ್ಕಕ್ಕೆ ಹಾಕಿದೆ. ಗಾಳಿ ಅಷ್ಟು ದೂರ ಬರುವಷ್ಟರಲ್ಲಿ ತಣ್ಣಗಾಗಿ ನೀರನ್ನು ಬುಡ್ಡಿಯಲ್ಲೇ ಬಿಡುತ್ತದೆ. ಈಗ ಮೂವತ್ತು ಪೌಂಡ್ ಒತ್ತಡಕ್ಕೆ ಸಣ್ಣ ಮಳೆಯ ಸದ್ದಿನ ಹಾಗೆ ಒಂದೇ ಸಮ ಬರುತ್ತಿದೆ. ಹಿತ್ತಾಳೆಯ ಚೂರು ಎರಡು ನಿಮಿಷದಲ್ಲಿ ಹೊಳಪು ಬಿಟ್ಟು ಬಿಸ್ಕತ್ತಿನ ಬಣ್ಣಕ್ಕೆ ತಿರುಗುತ್ತದೆ.

ಆದರೆ ಒಂದು ತೊಟ್ಟಿಗೆ ಎರಡೇ ಕೈಗವಸು. ಒಬ್ಬರ ಕೈ ಒಳಗಿದ್ದರೆ ಇನ್ನೊಬ್ಬರು ಸ್ಟೂಲಿನ ಮೇಲೆ ಕೂತು ಪೆಡಲ್ ಒತ್ತಬೇಕು, ಹೊಲಿಗೆ ಯಂತ್ರದ ಮುಂದೆ ಕೂತ ಹಾಗೆ. ಮೊದಲು ನನ್ನ ಕೈ ಒಳಗಿತ್ತು. ನಾನು ಅಂಚಿನಿಂದ ಕಾಲಿಂಚು ಕಾಲಿಂಚು ಅಳೆದುಕೊಂಡು ಹೋದೆ. ಚೂರಿನ ತುಂಬ ಪಟ್ಟೆ ಬಿತ್ತು. ಅತ್ತಿಗೆಗೆ ಕೊಟ್ಟೆ. ಅವರು ಗೋಡೆಗೆ ಸುಣ್ಣ ಬಳಿಯುವವರ ಹಾಗೆ ಭುಜದಿಂದ ಕೈ ಆಡಿಸಿದರು, ಒಂದು ಪಟ್ಟೆಯಿಲ್ಲ. ಮಾಮ ಕನ್ನಡಕ ಏರಿಸಿ ನೋಡಿ, "ಆಹಾ, ಕೈ ಅಂದ್ರೆ ಇದು" ಎಂದರು. ಇಷ್ಟು ದಿನ ನೀನೊಬ್ಬ ಹೇಳುತ್ತಿದ್ದೆ, ಈಗ ಕೆಳಮನೆಯಿಂದಲೂ ಶುರುವಾಯಿತು. ನಾನು ಸ್ಟೂಲಿನ ಮೇಲೆ ಕೂತೆ. ಕನ್ನಡಕದ ಡಬ್ಬಿಯಲ್ಲಿ ನಿನ್ನ ನಾಲ್ಕು ಸಾಲು ಇದ್ದುದರಿಂದ ಕೂರಲು ಸಾಧ್ಯವಾಯಿತು. ಪುಡಿ ಹೊಡೆಯಲಿ, ಬಣ್ಣ ನನ್ನದು ಎಂದುಕೊಂಡೆ. ಅವರಿಗೆ ಅದನ್ನು ಹೇಳಲು ಹತ್ತು ದಿನದಲ್ಲಿ ಮೂರು ಸಲ ಬಾಯಿ ತೆಗೆದೆ. ಮೂರೂ ಸಲ ಅವರು ಏನೋ ಒಳ್ಳೆಯದು ಮಾಡುತ್ತಿದ್ದರು, ನನ್ನ ಹಾಸಿಗೆಯ ಹೊದಿಕೆ ಬಿಸಿಲಿಗೆ ಹಾಕುವುದೋ, ನನ್ನ ಚಪ್ಪಲಿಯ ಪಟ್ಟಿ ಅಂಟಿಸುವುದೋ. ಬಾಯಿ ಮುಚ್ಚಿಕೊಂಡೆ.

ಮಾಮ ಒಂದೇ ಒಂದು ನಿಯಮವನ್ನು ಹತ್ತು ಸಲ ಹೇಳಿದರು. "ನೋಡಮ್ಮಾ, ನಿಮ್ಮಣ್ಣನ ದೋಣಿಗೂ ನನ್ನ ಹಲ್ಲಿಗೂ ಒಬ್ಬನೇ ಶತ್ರು, ಜಿಡ್ಡು. ತೊಳೆದ ಲೋಹಾನ ಬರೀ ಕೈಲಿ ಮುಟ್ಟಬಾರದು. ಬೆರಳಿನ ಗುರುತು ಅವತ್ತು ಕಾಣಲ್ಲ. ಬಣ್ಣದ ಕೆಳಗೆ ತಣ್ಣಗೆ ಮಲಗಿರತ್ತೆ, ತಿಂಗಳೋ ವರ್ಷವೋ ಬಿಟ್ಟು ಎದ್ದು ಬರತ್ತೆ." ಅನುವಾದದ ಬಗ್ಗೆಯೂ ನನಗೆ ಅದೇ ಅಭಿಪ್ರಾಯ, ಮಾಡಿದವರ ಬೆರಳು ಎಲ್ಲೂ ಕಾಣಬಾರದು. ಹಾಗೆಂದೆ. ಅವರಿಬ್ಬರೂ ನನ್ನನ್ನು ಒಂದು ಗಳಿಗೆ ನೋಡಿ ಮತ್ತೆ ಹಿತ್ತಾಳೆಯ ಕಡೆ ತಿರುಗಿದರು.

ಟಗ್‌ಗೆ ಕೈಹಾಕುವ ಮುಂಚೆ ಹಳೆಯದೊಂದರ ಮೇಲೆ ಕೈ ಪಳಗಿಸಿಕೊಳ್ಳಿ ಎಂದವರೂ ಮಾಮನೇ. ಗುರುವಾರ ಬೆಳಗ್ಗೆ ಅತ್ತಿಗೆ ಗೋಡೆಗೆ ಮುಖ ಮಾಡಿದ್ದ ಕಡವಿನ ದೋಣಿಯನ್ನು ತಾವಾಗಿಯೇ ಇಳಿಸಿ ತಂದು, "ಇದರ ಹಳೇ ಬಣ್ಣ ತೆಗೆಯೋಣ. ಇದು ನನ್ನ ಮೇಲೆ ಮುನಿಸಿಕೊಂಡು ಮೂರು ವರ್ಷ ಆಯ್ತು" ಎಂದರು. ನಾನು ಗಾಜಿಗೆ ಹೊಸ ಹಾಳೆ ಅಂಟಿಸಿ ಪೆಡಲಿನ ಮುಂದೆ ಕೂತೆ. ಒತ್ತಡ ಕಡಿಮೆ ಇಟ್ಟಿದ್ದೆವು. ಎಡಮಗ್ಗುಲು ಮುಗಿದು, ಬಲಮಗ್ಗುಲು ಅರ್ಧ ಆಗಿತ್ತು. ಅತ್ತಿಗೆ ಇದ್ದಕ್ಕಿದ್ದಂತೆ, "ಪೆಡಲ್ ಬಿಡಿ" ಎಂದರು. "ಸಾಕು ಇವತ್ತಿಗೆ. ಗಾಜು ಮಂಜಾಗಿದೆ, ನನಗೇನೂ ಕಾಣ್ತಿಲ್ಲ." ಅವತ್ತು ಮಧ್ಯಾಹ್ನ ನಾನು ಗ್ರಂಥಾಲಯದಿಂದ ಬರುವಷ್ಟರಲ್ಲಿ ಅವರೊಬ್ಬರೇ ಉಳಿದದ್ದನ್ನೂ ಮುಗಿಸಿಬಿಟ್ಟಿದ್ದರು. ಕೈಯಲ್ಲಿ ನಳಿಕೆ, ಕಾಲಲ್ಲಿ ಪೆಡಲ್, ಹೇಗೆ ನಿಭಾಯಿಸಿದರೋ. ದೋಣಿ ಈಗ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಿಸ್ಕತ್ತಿನ ಬಣ್ಣ, ಎಲ್ಲೂ ಒಂದು ಕಲೆಯಿಲ್ಲ. ಹೀಗೆ ವ್ಯವಸ್ಥೆ ಪೂರ್ತಿಯಾಗಿದೆ, ಕೆಲಸ ಮಾಡುತ್ತದೆ, ಪರೀಕ್ಷೆಯೂ ಆಯಿತು. ಟಗ್‌ನ ಹೊರಮೈಯನ್ನು ಸೋಪು ಹಾಕಿ ತೊಳೆದು ಬಟ್ಟೆ ಮುಚ್ಚಿ ಇಟ್ಟಿದ್ದೇವೆ.

ಬೇರೆ ಸುದ್ದಿ ಹೆಚ್ಚಿಲ್ಲ. ನಿನ್ನ ಸೈಕಲ್ಲಿಗೆ ಗಾಳಿ ಹೊಡೆಸಿಟ್ಟಿದ್ದೇನೆ, ಈಗ ಮನೆಯಲ್ಲೇ ಕಂಪ್ರೆಸರ್ ಇದೆಯಲ್ಲ. ಮಾಮ ನಿನ್ನನ್ನು ಕೇಳಿದರು, ಬರುವಾಗ ಹಲ್ಲನ್ನೆಲ್ಲ ಬಾಯಲ್ಲೇ ತರಬೇಕಂತೆ. ನೀನು ಆರೋಗ್ಯವಾಗಿರು, ಬೆಲ್ಟು ಕಟ್ಟಿಕೋ, ಡೆಕ್ಕಿನ ಮೇಲೆ ಚಪ್ಪಲಿಯಲ್ಲಿ ಓಡಾಡಬೇಡ. ಹಡಗು ನೀರಿನ ಮೇಲೆ ನೇರವಾಗಿರಲಿ, ನೀನು ಹಡಗಿನ ಮೇಲೆ ನೇರವಾಗಿ ನಿಂತಿರು ಎಂದು ಇಲ್ಲಿಂದ ಇಬ್ಬರ ಹಾರೈಕೆ.

ನಿನ್ನ ತಂಗಿ,
ಅಳತೆಗೋಲು

ತಾ. ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಡಿಸಿದ್ದೇನೆ. ಗುರುವಾರ ಗಾಜು ಮಂಜಾಗಿರಲಿಲ್ಲ. ಹಾಳೆ ಅಂಟಿಸಿ ಅರ್ಧ ಗಂಟೆಯೂ ಆಗಿರಲಿಲ್ಲ, ನಾನು ಕೂತಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಸಣ್ಣ ಒತ್ತಡಕ್ಕೆ ಗಟ್ಟಿಯಾಗಿ ಕೂತ ಬಣ್ಣ ತಡವಾಗಿ ಬಿಡುತ್ತಿತ್ತು, ಕೆಳಗೆ ಜಿಡ್ಡಿದ್ದಲ್ಲಿ ಮಾತ್ರ ಮೊದಲು ಹಾರಿಹೋಯಿತು. ದೋಣಿಯ ಬಲಮಗ್ಗುಲಲ್ಲಿ ನಾಲ್ಕು ಬೆರಳು ಎದ್ದು ಬಂದವು ಅಣ್ಣಾ. ಎರಡನೆಯದರ ತುದಿ ಮೂರನೆಯದರ ಕಡೆ ಸೊಟ್ಟಗೆ ವಾಲಿತ್ತು. ಹೆಬ್ಬೆರಳು, ಅಂಗೈ ಇದ್ದದ್ದು ಎಡಮಗ್ಗುಲಲ್ಲಿ, ಪ್ರದರ್ಶನದ ದಿನ ಸುಲಿದು ಬಿದ್ದ ಅದೇ ಜಾಗದಲ್ಲಿ. ಮೂರು ವರ್ಷದ ಹಿಂದೆ ಅತ್ತಿಗೆ ದೋಣಿಯನ್ನು ಸೋಪಿನಲ್ಲಿ, ಸ್ಪಿರಿಟ್ಟಿನಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲಿಟ್ಟು, "ಯಾರೂ ಮುಟ್ಟಬೇಡಿ ಆಯ್ತಾ" ಎಂದು ಹೇಳಿ ಕುಂಚ ತರಲು ಹೋಗಿದ್ದರು. ನಾನು ಗ್ರಂಥಾಲಯದಿಂದ ಆಗಷ್ಟೇ ಬಂದಿದ್ದೆ. ಅವತ್ತು ಬೆಳಗ್ಗೆಯೆಲ್ಲ ಹರಿದ ಪುಸ್ತಕಗಳನ್ನು ಹೊಲಿಯುವ ದಾರಕ್ಕೆ ಮೇಣ ಉಜ್ಜಿದ ಕೈ ಅದು. ಬಣ್ಣ ಹತ್ತುವ ಮೊದಲು ಒಂದೇ ಒಂದು ಸಲ ಅದು ನನ್ನ ದೋಣಿಯಾಗಿರಲಿ ಎಂದು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ನೋಡಿ ಇಟ್ಟೆ. ಕೆಡಿಸಬೇಕೆಂದು ಮುಟ್ಟಲಿಲ್ಲ, ಇದನ್ನು ನೀನು ನಂಬಬೇಕು. ಆದರೆ ಕೆಟ್ಟಾಗ ಸಂತೋಷಪಟ್ಟೆ, ಅದನ್ನೂ ನಂಬು. ಅವರು ಚೆನ್ನಾಗಿಯೇ ತೊಳೆದಿದ್ದರು.

ಅತ್ತಿಗೆ ಆ ಬೆರಳನ್ನು ನೋಡಿದರು. ನನ್ನ ಕಡೆ ತಿರುಗದೆ ಗಾಜು ಮಂಜಾಗಿದೆ ಎಂದರು, ಮಧ್ಯಾಹ್ನ ಒಬ್ಬರೇ ಕೂತು ಗುರುತನ್ನೆಲ್ಲ ಅಳಿಸಿಹಾಕಿದರು. ಅವರಿಗೆ ಗೊತ್ತೆಂದು ನನಗೆ ಗೊತ್ತಿರುವುದು ಅವರಿಗೆ ಗೊತ್ತೋ ಇಲ್ಲವೋ, ಗೊತ್ತಿಲ್ಲ. ಈಗ ಸಾಕ್ಷಿಯೂ ಇಲ್ಲ. ಸುಮ್ಮನಿದ್ದರೆ ಟಗ್ ನನ್ನದು. ಎರಡು ದಿನ ಸುಮ್ಮನಿದ್ದು ನೋಡಿದೆ. ಕುಂಚದಲ್ಲಿ ಗೆದ್ದರು, ನಳಿಕೆಯಲ್ಲಿ ಗೆದ್ದರು, ಇದರಲ್ಲೂ ಅವರೇ ಗೆದ್ದರೆ ನಾನು ಈ ಮನೆಯಲ್ಲಿ ಎಲ್ಲಿ ಮುಖ ಇಟ್ಟುಕೊಂಡು ಓಡಾಡಲಿ? ನಿನ್ನೆ ಬೆಳಗ್ಗೆ ಅವರ ಕುಂಚದ ಸುರುಳಿಯನ್ನು ಟಗ್‌ನ ಪಕ್ಕ ಇಟ್ಟು, ಬಣ್ಣ ನೀವೇ ಹಚ್ಚಿ ಎಂದೆ. "ನಿಮ್ಮಣ್ಣ ಒಪ್ತಾರಾ?" ಎಂದರು, ತುಂಬ ಸಣ್ಣ ದನಿಯಲ್ಲಿ. ಅವನೇ ಬರೆದಿದ್ದಾನೆ ಎಂದುಬಿಟ್ಟೆ. "ನನಗೆ ಬರೆದಿದ್ದರಲ್ಲಿ ಇಲ್ಲವಲ್ಲ" ಎಂದರು. ನನಗೆ ಬರೆದಿದ್ದಾನೆ ಎಂದೆ. ತೋರಿಸಿ ಎಂದು ಅವರು ಕೇಳಲಿಲ್ಲ. ಇವತ್ತು ಬೆಳಗ್ಗೆಯಿಂದ ಹಿಂದಿನ ಕೋಣೆಯಲ್ಲಿ ಸಿಳ್ಳೆ ಕೇಳಿಸುತ್ತಿದೆ, ಸಹಿಸಲು ಆಗುತ್ತಿಲ್ಲ.

ಆದ್ದರಿಂದ ಈ ಕಾಗದ ಕೈಗೆ ಬಂದ ದಿನವೇ ಅವರಿಗೆ ಬರೆ. ಟಗ್‌ಗೆ ಬಣ್ಣ ನೀನೇ ಹಚ್ಚು ಎಂದು ಬರೆ, ದೋಣಿಯ ಬಣ್ಣ ಎದ್ದದ್ದು ಯಾರ ಕೈಯಿಂದ ಎಂದೂ ನನ್ನ ಹೆಸರು ಹೇಳಿ ಬರೆ, ನನಗೆ ಎದುರು ನಿಂತು ಹೇಳಲು ಬಾಯಿ ಬರುವುದಿಲ್ಲ. ನಾಲ್ಕು ಪುಟಕ್ಕೆ ನಿಲ್ಲಿಸಬೇಡ. ನನಗೆ ಎರಡು ಸಾಲು ಸಾಕು. ಅವರದು ಎಷ್ಟಾದರೂ ಉದ್ದವಿರಲಿ, ಈ ಸಲ ಎಣಿಸುವುದಿಲ್ಲ.